ನಿದ್ರಾಹೀನತೆಗೆ ಹೋಮಿಯೋಪಥಿ: ಅನುಸರಿಸಬೇಕಾದ ಕ್ರಮ

‘ನಿದ್ರೆ ಬರುವುದಿಲ್ಲ’ ಎಂಬ ಒಂದೇ ಮಾತಿಗೆ ಹೋಮಿಯೋಪಥಿ ವೈದ್ಯರು ಔಷಧ ಕೊಡುವುದಿಲ್ಲ. ನಿದ್ರೆ ಯಾವಾಗ, ಹೇಗೆ ಕೆಡುತ್ತದೆ ಎಂದು ವಿವರವಾಗಿ ಕೇಳುತ್ತಾರೆ. ಆದ್ದರಿಂದ ಅವರನ್ನು ಕಾಣುವ ಮೊದಲು ಎರಡು ವಾರ ಮಲಗಿದ ಹೊತ್ತು, ನಿದ್ರೆ ಹತ್ತಿದ ಅಂದಾಜು ಹೊತ್ತು, ನಡುರಾತ್ರಿಯ ಎಚ್ಚರ ಮತ್ತು ಹಗಲಿನ ತೂಕಡಿಕೆಯನ್ನು ಬರೆದಿಡಿ. ಕಾಫಿ ಕುಡಿದ ಹೊತ್ತನ್ನಂತೂ ಬಿಡಬೇಡಿ. ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕಾಗುವುದರಿಂದ, ಸಂಜೆ 6ಕ್ಕೆ ದರ್ಶಿನಿಯ ಮುಂದೆ ನಿಂತು ಕುಡಿದ ಬೈಟು ಕಾಫಿಯ ಪ್ರಭಾವ ರಾತ್ರಿ 11ಕ್ಕೂ ಮುಗಿದಿರುವುದಿಲ್ಲ.

ಬಳಿಕ ನೋಂದಾಯಿತ ವೈದ್ಯರನ್ನೇ ಕಾಣಿರಿ. ಬೆಂಗಳೂರಿನ ಬಸವೇಶ್ವರನಗರದಲ್ಲಿ ಸರ್ಕಾರಿ ಹೋಮಿಯೋಪಥಿ ಕಾಲೇಜಿನ ಆಸ್ಪತ್ರೆಯಿದೆ. ಯೋಚನೆಗಳು ಮುತ್ತಿ ಕಣ್ಣು ಮುಚ್ಚಲಾಗದವರಿಗೆ ಹುರಿಯದ ಕಾಫಿ ಬೀಜದಿಂದ ತಯಾರಾದ ಕಾಫಿಯಾ ಕ್ರೂಡಾ, ನಸುಕಿನ ಮೂರು–ನಾಲ್ಕಕ್ಕೆ ಎಚ್ಚರಗೊಂಡು ಮತ್ತೆ ನಿದ್ರೆ ಬಾರದವರಿಗೆ ನಕ್ಸ್ ವಾಮಿಕಾ, ದುಃಖದಿಂದ ನಿದ್ರೆಗೆಟ್ಟವರಿಗೆ ಇಗ್ನೇಷಿಯಾ ಎಂಬುದು ಈ ಪದ್ಧತಿಯ ರೂಢಿ. ನಿದ್ರೆಗೆಡಿಸುವ ಕಾಫಿಯೇ ನಿದ್ರೆಗೆ ಮದ್ದಾಗುವುದು ಹೋಮಿಯೋಪಥಿಯ ಜನಕ ಹಾನಿಮನ್ ಪ್ರತಿಪಾದಿಸಿದ ‘ಸಮದಿಂದ ಸಮದ ಶಮನ’ ತತ್ತ್ವದ ಪ್ರಕಾರ.

ಆದರೆ ಈ ಔಷಧಗಳ ಮೇಲೆ ಬರೆದಿರುವ ‘30 ಸಿ’ ಎಂದರೆ ಒಂದಕ್ಕೆ ನೂರರಂತೆ 30 ಬಾರಿ ತೆಳುಗೊಳಿಸಿದ್ದು. 12ನೇ ಹಂತ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವೂ ಉಳಿಯುವ ಸಂಭವ ಕಡಿಮೆ. ಯಾವುದೇ ಕಾಯಿಲೆಗೆ ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆಯಿಲ್ಲ ಎಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ತೀರ್ಮಾನಿಸಿತು. ಗುಳಿಗೆಯ ಜೊತೆಗೆ ಬರುವ ‘ಕಾಫಿ ಬಿಡಿ’ ಎಂಬ ಪಥ್ಯವೇ ಹಲವರಿಗೆ ಹೆಚ್ಚು ಉಪಕಾರ ಮಾಡುತ್ತಿರಬಹುದು ಎಂಬುದು ನನ್ನ ಅನುಮಾನ.

ಪ್ಯಾಸಿಫ್ಲೋರಾದಂಥ ಮದರ್ ಟಿಂಚರ್‌ಗಳ, ಅಂದರೆ ಹೀಗೆ ತೆಳುಗೊಳಿಸದ ಮೂಲ ದ್ರಾವಣಗಳ, ವಿಷಯ ಬೇರೆ. ಅವುಗಳಲ್ಲಿ ಗಿಡದ ಸಾರವೂ ಆಲ್ಕೋಹಾಲೂ ನಿಜವಾಗಿ ಇರುವುದರಿಂದ, ನಿದ್ರೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನಿದ್ರೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ. ಕೆಲವು ಮಾತ್ರೆಗಳನ್ನು ಹಾಗೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು.

ಗುಳಿಗೆ ತೆಗೆದುಕೊಂಡರೂ ಬಿಟ್ಟರೂ ದಿನವೂ ಒಂದೇ ಹೊತ್ತಿಗೆ ಏಳಿ. ಸುಮಾರು 20 ನಿಮಿಷವಾದರೂ ನಿದ್ರೆ ಬರದಿದ್ದರೆ ಹಾಸಿಗೆ ಬಿಟ್ಟು, ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮರಳಿ. ದೀರ್ಘಕಾಲದ ನಿದ್ರಾಹೀನತೆಗೆ ವೈದ್ಯರು ಮೊದಲು ಸೂಚಿಸುವ ವರ್ತನಾ ಚಿಕಿತ್ಸೆಯ ತಿರುಳು ಇದೇ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆ ಕೆಟ್ಟರೆ ಅಥವಾ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಂದು ಮನೆಯವರು ಹೇಳಿದರೆ, ನಿಮ್ಹಾನ್ಸ್‌ನಂಥ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ. ಬದುಕೇ ಬೇಡವೆನಿಸಿದರಂತೂ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕೂಡಲೇ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.