ಪಿಕಪ್ ಗಾಡಿಯ ಅಡಿಯಿಂದ ಬರುವ ‘ಢಕ್’ ಸದ್ದಿನ ಮೂಲವನ್ನು ಪತ್ತೆಹಚ್ಚುವ ಕ್ರಮ

ಲೋಡ್ ಇಳಿಸಿ ಖಾಲಿ ಗಾಡಿಯಲ್ಲಿ ಮರಳುವಾಗ, ಕ್ಲಚ್ ಬಿಟ್ಟ ಕ್ಷಣದಲ್ಲೋ ಹಂಪ್ ದಾಟಿದ ಮೇಲೋ ಅಡಿಯಿಂದ ‘ಢಕ್’ ಎಂಬ ಸದ್ದು ಕೇಳಿಬಂದರೆ, ಅದು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಯಾವಾಗ ಬರುತ್ತಿದೆ ಎಂಬುದನ್ನು ಮೊದಲು ಗಮನಿಸಬೇಕು. ಉಕ್ಕಿನ ಚಾಸಿ (ಗಾಡಿಯ ತಳದ ಚೌಕಟ್ಟು) ಸದ್ದನ್ನು ತನ್ನ ಉದ್ದಕ್ಕೂ ಒಯ್ಯುವುದರಿಂದ, ಕಮಾನ್ ಪಟ್ಟಿಯನ್ನು (ಲೀಫ್ ಸ್ಪ್ರಿಂಗ್) ಚಾಸಿಗೆ ಜೋಡಿಸುವ ಹಿಂಬದಿಯ ಶ್ಯಾಕಲ್‌ನಲ್ಲಿ ಹುಟ್ಟಿದ ಸದ್ದು ಚಾಲಕನಿಗೆ ತನ್ನ ಸೀಟಿನ ಕೆಳಗೇ ಹುಟ್ಟಿದಂತೆ ಕೇಳುವುದುಂಟು. ಇಲ್ಲಿ ಹೇಳುವ ಕ್ರಮ ಬೊಲೆರೊ ಪಿಕಪ್, ಟಾಟಾ ಯೋಧದಂತೆ ಹಿಂದಿನ ಗಾಲಿಗೆ ಎಳೆತವಿರುವ, ಹಿಂದೆ ಕಮಾನ್ ಪಟ್ಟಿಯಿರುವ ಗಾಡಿಗಳಿಗೆ ಹೊಂದುತ್ತದೆ.

ಮೊದಲ ಪರೀಕ್ಷೆಗೆ ಜನಸಂಚಾರವಿಲ್ಲದ ಸಮತಟ್ಟಾದ ರಸ್ತೆ ಸಾಕು. ಎರಡನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಆಕ್ಸಿಲರೇಟರ್ ಅನ್ನು ಒಮ್ಮೆ ಒತ್ತಿ, ಒಮ್ಮೆ ಬಿಡಿ. ಒತ್ತಿದಾಗಲೂ ಬಿಟ್ಟಾಗಲೂ ಒಂದೊಂದು ‘ಟಕ್’ ಕೇಳಿದರೆ ಎಳೆತವನ್ನು ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಅದರ ಕೀಲುಗಳಾದ ಕ್ರಾಸ್‌ಗಳು ಅಥವಾ ಹಿಂದಿನ ಆಕ್ಸಲ್‌ನ ಗೇರುಗಳಿರುವ ಹೌಸಿಂಗ್ ಕಡೆ ಅನುಮಾನಪಡಬೇಕು. ಅನಂತರ ಒಂದು ಹಂಪನ್ನು ಓರೆಯಾಗಿ, ಒಂದೊಂದೇ ಗಾಲಿ ಏರುವಂತೆ, ಕ್ಲಚ್ ಒತ್ತಿಕೊಂಡು ದಾಟಿ. ಎಂಜಿನ್ನಿನ ಎಳೆತವಿಲ್ಲದಿದ್ದರೂ ಸದ್ದು ಬಂದರೆ ಅದು ಪಟ್ಟಿ, ಅದರ ಕೀಲುಗಳೊಳಗಿನ ಬುಷ್, ಶಾಕ್ ಅಬ್ಸಾರ್ಬರ್ ಅಥವಾ ಬಾಡಿಯ ಸದ್ದು. ಸ್ಟೇರಿಂಗ್ ತಿರುಗಿಸುವಾಗ ಮಾತ್ರ ಬರುವ ಸದ್ದಿಗೆ ಮುಂದಿನ ಗಾಲಿಗಳ ಕೀಲುಗಳಾದ ಬಾಲ್ ಜಾಯಿಂಟ್, ಟೈ ರಾಡ್‌ಗಳನ್ನು ನೋಡಬೇಕು. ಮುಂದಕ್ಕೆ, ಹಿಂದಕ್ಕೆ ಎಂದು ದಿಕ್ಕು ಬದಲಿಸಿದ ಮೇಲೆ ಹಾಕುವ ಮೊದಲ ಬ್ರೇಕಿಗೆ ಮಾತ್ರ ಒಂದು ಪೆಟ್ಟು ಕೇಳಿದರೆ, ಬ್ರೇಕ್ ಪ್ಯಾಡ್ ತನ್ನ ಜಾಗದಲ್ಲಿ ಸರಿಯುತ್ತಿರಬಹುದು, ಇಲ್ಲವೇ ಪಟ್ಟಿಯ ತುದಿಯ ಕಣ್ಣಿನ (ತೂತಿನ) ಬುಷ್ ಸವೆದಿರಬಹುದು.

ಗಾಡಿಯ ಅಡಿಗೆ ಹೋಗುವ ಮೊದಲು ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾವ ಕಾರಣಕ್ಕೂ ನುಸುಳಬೇಡಿ. ಎತ್ತಲೇಬೇಕಾದರೆ ಚಾಸಿಗೆ ಗಟ್ಟಿಯಾದ ಸ್ಟ್ಯಾಂಡ್ ಕೊಡಿ. ಹೆಚ್ಚಿನ ಪಿಕಪ್‌ಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಗಾಲಿಗಳನ್ನು ಮಾತ್ರ ಹಿಡಿಯುತ್ತದೆ, ಹಾಗಾಗಿ ಹಿಂಭಾಗವನ್ನು ಎತ್ತಿದ ಕೂಡಲೇ ಅದರ ಹಿಡಿತ ಹೋಗುತ್ತದೆ. ಶಾಫ್ಟ್ ಪರೀಕ್ಷೆಗೆ ಎತ್ತುವ ಅಗತ್ಯವೇ ಇಲ್ಲ: ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ನಾಲ್ಕೂ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಟ್ಟು, ಸೈಲೆನ್ಸರ್ ಆರಿದ ಮೇಲೆ ಗೇರನ್ನು ನ್ಯೂಟ್ರಲ್‌ಗೆ ತಂದು ಹ್ಯಾಂಡ್ ಬ್ರೇಕ್ ಬಿಟ್ಟರೆ ಸಾಕು.

ಈಗ ಶಾಫ್ಟನ್ನು ಎರಡೂ ಕೈಗಳಿಂದ ಹಿಡಿದು ಎಡಕ್ಕೂ ಬಲಕ್ಕೂ ತಿರುಚಿ, ಕ್ರಾಸ್ ಮೇಲೆ ಕಣ್ಣಿಡಿ. ಕ್ರಾಸ್‌ನ ಒಂದು ಬದಿಯ ಯೋಕ್ (ಕ್ರಾಸನ್ನು ಹಿಡಿದಿರುವ ಕವಲು) ಅಲುಗಿ ಇನ್ನೊಂದು ಬದಿಯದು ತುಸು ತಡವಾಗಿ ಅಲುಗಿದರೆ ಆ ಕ್ರಾಸ್ ಮುಗಿದಿದೆ ಎಂದರ್ಥ. ಕ್ರಾಸಿನ ತುದಿಯ ಬೇರಿಂಗ್ ಕಪ್‌ನ ಸುತ್ತ ಕುಂಕುಮದಂಥ ಕೆಂಪು ಪುಡಿ ಮೆತ್ತಿಕೊಂಡಿದ್ದರೆ, ಒಳಗಿನ ಸೂಜಿ ಬೇರಿಂಗುಗಳು ಗ್ರೀಸಿಲ್ಲದೆ ಒಣಗಿ ತುಕ್ಕು ಹಿಡಿದು ಪುಡಿಯಾಗುತ್ತಿವೆ. ಇಂಥ ಕ್ರಾಸ್ ಪೆಟ್ಟಿನ ಸದ್ದಿಗಿಂತ ಮೊದಲು ನಿಧಾನ ವೇಗದಲ್ಲಿ ‘ಕೀಚ್ ಕೀಚ್’ ಎನ್ನುತ್ತಿರುತ್ತದೆ. ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಶಾಫ್ಟ್ ಸುಮಾರು 4 ಸುತ್ತು ತಿರುಗುವುದರಿಂದ, ಆ ಕೀಚಲು ಗಾಲಿಯ ಲಯಕ್ಕಿಂತ ಬಹಳ ಚುರುಕಾಗಿರುತ್ತದೆ. ಎರಡು ತುಂಡಿನ ಶಾಫ್ಟ್ ಇದ್ದರೆ ನಡುವಿನ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯೇ ಎಂದು ಶಾಫ್ಟನ್ನು ಮೇಲಕ್ಕೆತ್ತಿ ನೋಡಿ. ಕ್ರಾಸ್‌ಗಳು ಸರಿಯಿದ್ದು, ನಿಂತ ಗಾಡಿ ಹೊರಡುವಾಗ ಮಾತ್ರ ಒಂದು ಪೆಟ್ಟು ಬರುತ್ತಿದ್ದರೆ ಶಾಫ್ಟ್ ಉದ್ದದಲ್ಲಿ ಹಿಂದೆ ಮುಂದೆ ಜಾರಲು ಬಿಡುವ ಸ್ಲಿಪ್ ಜಾಯಿಂಟಿನ ಹಲ್ಲುಗಳು ಒಣಗಿರಬಹುದು. ಎಷ್ಟೋ ಸಲ ಅದಕ್ಕೆ ಗ್ರೀಸ್ ಹೊಡೆದರೆ ಸದ್ದು ಅಡಗುತ್ತದೆ. ಶಾಫ್ಟ್ ತಿರುಚುವಾಗ ಹೌಸಿಂಗ್ ಒಳಗೆ ಸಣ್ಣ ಪ್ಲೇ (ಸಡಿಲ) ಇದ್ದೇ ಇರುತ್ತದೆ, ಅದನ್ನು ಕಂಡು ಅದರೊಳಗಿನ ಕ್ರೌನ್-ಪಿನಿಯನ್ ಗೇರುಗಳನ್ನು ಬದಲಿಸಲು ಹೊರಡಬೇಡಿ. ಶಾಫ್ಟ್ ಬಿಚ್ಚುವುದಾದರೆ ಜೋಡಣೆಯ ಎರಡೂ ಬದಿಗೆ ಬಣ್ಣದ ಗುರುತು ಹಾಕಿ, ಅದೇ ಗುರುತಿಗೆ ಕೂರಿಸಿ; ಇಲ್ಲವಾದರೆ ಪೆಟ್ಟು ಹೋಗಿ ಅದುರಾಟ ಶುರುವಾಗಬಹುದು.

ಕಮಾನ್ ಪಟ್ಟಿಯ ಕಡೆಗೆ ಬಂದರೆ, ತುಂಡಾದ ಎಲೆಯನ್ನು (ಪಟ್ಟಿಯ ಪದರವನ್ನು) ಬ್ರಷ್‌ನಿಂದ ಮಣ್ಣು ಕೆರೆದು, ಟಾರ್ಚ್ ಬಿಟ್ಟು ಹುಡುಕಬೇಕು. ಬಿರುಕು ಅಡ್ಡಲಾಗಿ ತುಕ್ಕಿನ ಗೆರೆಯಂತೆ ಕಾಣುತ್ತದೆ. ಪಟ್ಟಿಯನ್ನು ಹೌಸಿಂಗಿಗೆ ಬಿಗಿಯುವ ಯು ಬೋಲ್ಟ್ ಸಡಿಲವಾಗಿದ್ದರೆ ಹೌಸಿಂಗ್ ಪಟ್ಟಿಯ ಮೇಲೆ ಜಾರುತ್ತ ಎಲೆಗಳನ್ನು ನಡುವೆ ಒಟ್ಟಿಗೆ ಹಿಡಿದ ಸೆಂಟರ್ ಬೋಲ್ಟನ್ನು ಕತ್ತರಿಸಬಲ್ಲದು. ಸ್ಟೇರಿಂಗ್ ನೇರವಿಟ್ಟು, ಮುಂದಿನ ಹಬ್‌ನ ನಡುವಿನಿಂದ ಹಿಂದಿನ ಹಬ್‌ನ ನಡುವಿಗೆ ಎರಡೂ ಬದಿಯಲ್ಲಿ ಟೇಪ್ ಹಿಡಿದು ಅಳೆಯಿರಿ. ಎರಡು ಅಳತೆಗಳಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಆಕ್ಸಲ್ ಸರಿದಿರುವ ಸಾಧ್ಯತೆ ಹೆಚ್ಚು. ಶ್ಯಾಕಲ್ ಬುಷ್‌ಗಳನ್ನು ಲಿವರ್ ಕೊಟ್ಟು ಮೀಟಿ, ಶಾಕ್ ಅಬ್ಸಾರ್ಬರನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ.

ನನ್ನ ಗಾಡಿಯಲ್ಲಿ ಇಂಥದೇ ಸದ್ದು ಬಂದಾಗ, ಮೆಕ್ಯಾನಿಕ್ ಒಬ್ಬರ ಮಾತಿನಂತೆ ಎರಡು ಕ್ರಾಸ್ ಹಾಗೂ ಸೆಂಟರ್ ಬೇರಿಂಗ್ ಬದಲಿಸಿದೆ. ಸದ್ದು ಮಾತ್ರ ಇದ್ದಂತೆಯೇ ಇತ್ತು. ಕೊನೆಗೆ ನಾನೇ ಅಡಿಗೆ ಮಲಗಿ ನೋಡಿದಾಗ, ಲೋಡ್ ಬಾಡಿಯನ್ನು ಚಾಸಿಗೆ ಬಿಗಿಯುವ ಒಂದು ಬೋಲ್ಟಿನ ವಾಷರ್ ಸುತ್ತ ಬಣ್ಣವೆಲ್ಲ ಉಜ್ಜಿಹೋಗಿ, ಕಬ್ಬಿಣ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. ನಟ್ಟನ್ನು ಎರಡೂವರೆ ಸುತ್ತು ಬಿಗಿದ ಮೇಲೆ ಸದ್ದು ನಿಂತಿತು. ಅಂದಿನಿಂದ ನಾನು ಬಾಡಿಯ ಬೋಲ್ಟ್, ಅಡಿಯಲ್ಲಿ ತೂಗುವ ಸ್ಟೆಪ್ನಿ, ಸೈಲೆನ್ಸರ್ ರಬ್ಬರ್, ಸೀಟಿನ ಹಿಂದಿನ ಜ್ಯಾಕ್ ಇವಿಷ್ಟನ್ನು ಎಲ್ಲಕ್ಕಿಂತ ಮೊದಲು ಮುಟ್ಟಿ ನೋಡುತ್ತೇನೆ. ಕೊಳೆ ತುಂಬಿದ ಜಾಗದಲ್ಲಿ ಒಂದೇ ಕಡೆ ಕಬ್ಬಿಣ ಹೊಳೆಯುತ್ತಿದ್ದರೆ ಅಲ್ಲಿ ಎರಡು ಭಾಗಗಳು ಉಜ್ಜಾಡುತ್ತಿವೆ ಎಂದೇ ತಿಳಿಯಬೇಕು.

ಬಾಲ್ ಜಾಯಿಂಟ್ ಕೈಗೆ ಸಿಗುವಷ್ಟು ಅಲುಗುತ್ತಿದ್ದರೆ, ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಅಥವಾ ಕ್ರಾಸ್ ಎದ್ದು ಕಾಣುವಷ್ಟು ಆಡುತ್ತಿದ್ದರೆ ಗಾಡಿಯನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಮೆಕ್ಯಾನಿಕ್‌ರನ್ನೇ ಕರೆಸಿ. ಶಾಫ್ಟಿನ ಮುಂತುದಿಯ ಕ್ರಾಸ್ ಓಟದಲ್ಲಿ ಮುರಿದರೆ ಶಾಫ್ಟ್‌ನ ತುದಿ ನೆಲಕ್ಕೆ ಬಿದ್ದು ರಸ್ತೆಗೆ ನಾಟಿಕೊಳ್ಳಬಹುದು. ಹೊಸ ಯು ಬೋಲ್ಟ್ ಹಾಕಿಸಿದವರು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಹೋಗಿ ಅವನ್ನು ಬಿಗಿಸಿಕೊಳ್ಳಿ. ಪಟ್ಟಿಯ ಎಲೆಗಳು ಒಂದರ ಮೇಲೊಂದು ಕೂರುತ್ತ ಬಂದಂತೆ ಮೊದಲ ಬಿಗಿತ ಸಡಿಲಾಗುತ್ತದೆ.