ವೋರ್ಟಿಸಿಟಿ ಅಳೆಯುವಾಗ ನಾನು ಮಾಡುವ ಪರೀಕ್ಷೆಗಳು

ಹರಿವಿನ ಚಿತ್ರದಲ್ಲಿ ವೇಗ ತೋರುವ ಬಾಣಗಳು ದುಂಡಗೆ ಸುತ್ತುವುದು ಕಂಡರೆ ಸಾಕು, ಅಲ್ಲಿ ವೋರ್ಟಿಸಿಟಿ ಹೆಚ್ಚು ಎಂದು ಬರೆದುಬಿಡುತ್ತೇವೆ. ಹಾಗೆ ಹೇಳಲು ಬರುವುದಿಲ್ಲ. ದ್ರವದ ಒಂದು ಸಣ್ಣ ತುಣುಕು ತನ್ನ ಸುತ್ತ ತಾನು ಎಷ್ಟು ಬೇಗ ತಿರುಗುತ್ತಿದೆ ಎಂಬುದಷ್ಟೇ ವೋರ್ಟಿಸಿಟಿ. ಅದು ಸಾಗುವ ದಾರಿ ವೃತ್ತವೋ ಸರಳರೇಖೆಯೋ ಎಂಬುದು ಬೇರೆ ಮಾತು. ಗಣಿತದಲ್ಲಿ ಅದು ವೇಗದ ಕರ್ಲ್, ಅಂದರೆ ವೇಗ ಜಾಗದಿಂದ ಜಾಗಕ್ಕೆ ಬದಲಾಗುವುದರಲ್ಲಿ ಎಷ್ಟು ತಿರುವು ಇದೆ ಎಂಬ ಲೆಕ್ಕ. ಬೆಲೆ ಆ ತುಣುಕಿನ ಕೋನೀಯ ವೇಗದ ಎರಡರಷ್ಟು. ಏಕಮಾನ ಪ್ರತಿ ಸೆಕೆಂಡಿಗೆ.

ಇದನ್ನು ಕಣ್ಣಾರೆ ನೋಡಲು ನಾನು ಬಳಸುವುದು ಒಂದು ಸಣ್ಣ ತೇಲುಗ. 20 ಮಿ.ಮೀ. ಉದ್ದ, 8 ಮಿ.ಮೀ. ಎತ್ತರದ ಎರಡು ತೆಳು ಪ್ಲಾಸ್ಟಿಕ್ ಪಟ್ಟಿಗಳನ್ನು ಕೂಡಿಸುವ ಚಿಹ್ನೆಯಂತೆ ಅಡ್ಡಡ್ಡ ಸಿಕ್ಕಿಸಿ, ಮೇಲೆ ಬಿರಡೆಯ ಚೂರು ಅಂಟಿಸಿ, ಒಂದು ತೋಳಿನ ಮೇಲೆ ಬಾಣ ಬರೆದರೆ ಮುಗಿಯಿತು. ತೊಟ್ಟಿಯ ತೂತಿನಿಂದ ನೀರು ಇಳಿಯುವಾಗ ಏಳುವ ಸುಳಿಯಲ್ಲಿ, ನಡುಭಾಗದಿಂದ ದೂರ ಬಿಟ್ಟರೆ ತೇಲುಗ ಸುತ್ತು ಹಾಕುತ್ತದೆ, ಆದರೆ ಬಾಣ ಹೆಚ್ಚುಕಡಿಮೆ ಒಂದೇ ದಿಕ್ಕು ತೋರುತ್ತಿರುತ್ತದೆ. ಅಲ್ಲಿ ವೋರ್ಟಿಸಿಟಿ ಸೊನ್ನೆಗೆ ಹತ್ತಿರ. ಅದನ್ನೇ ನೇರ ಕಾಲುವೆಯ ಗೋಡೆಯ ಬಳಿ ಬಿಟ್ಟರೆ ನೇರವಾಗಿ ಸಾಗುತ್ತಲೇ ಗಿರಗಿರ ತಿರುಗುತ್ತದೆ. ಸುಳಿಯ ಸುಳಿವೇ ಇಲ್ಲದ ಕಡೆ ವೋರ್ಟಿಸಿಟಿ ಇದೆ. ಸುಳಿಯ ತಿರುಳಿಗಿಂತ, ಅಂದರೆ ವೋರ್ಟಿಸಿಟಿ ತುಂಬಿದ ನಡುಭಾಗಕ್ಕಿಂತ, ತೇಲುಗ ದೊಡ್ಡದಾದರೆ ಮಾತ್ರ ಅದು ತಿರುಳನ್ನೂ ಹೊರಭಾಗವನ್ನೂ ಬೆರೆಸಿ ತಪ್ಪು ಹೇಳುತ್ತದೆ.

ಅಂಕಿ ಬೇಕಾದಾಗ ಲೇಸರ್ ಬೆಳಕಿನಲ್ಲಿ ಕಣಗಳ ಜೋಡಿಚಿತ್ರ ತೆಗೆದು ವೇಗ ಲೆಕ್ಕ ಹಾಕುವ ಪಿಐವಿ ವಿಧಾನ ಬಳಸುತ್ತೇನೆ. ನನ್ನ ಸಾಮಾನ್ಯ ವ್ಯವಸ್ಥೆ: 1 ಮಿ.ಮೀ.ಗೆ 16 ಪಿಕ್ಸೆಲ್, 32 ಪಿಕ್ಸೆಲ್ ಚೌಕದ ಕಿಟಕಿ (ಒಂದು ವೇಗದ ಬಾಣ ಲೆಕ್ಕ ಹಾಕಲು ತೆಗೆದುಕೊಳ್ಳುವ ಚಿತ್ರದ ತುಂಡು), ಅಕ್ಕಪಕ್ಕದ ಕಿಟಕಿಗಳ ನಡುವೆ ಅರ್ಧ ಅತಿಕ್ರಮಣ. ಅಂದರೆ ಬಾಣದಿಂದ ಬಾಣಕ್ಕೆ 1 ಮಿ.ಮೀ. ಅಂತರ. ಎರಡು ಚಿತ್ರಗಳ ನಡುವೆ 2 ಮಿಲಿಸೆಕೆಂಡ್. ಕಣಗಳ ಜರುಗುವಿಕೆ ಕಿಟಕಿಯ ಕಾಲುಭಾಗ, ಅಂದರೆ 8 ಪಿಕ್ಸೆಲ್, ದಾಟದಂತೆ ನೋಡಿಕೊಳ್ಳಬೇಕು.

ನೀರಿಗೆ ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು, ಇದನ್ನು ನಾನು ಎಂದೂ ಬಿಡುವುದಿಲ್ಲ. ಚುಕ್ಕೆ ಮುದ್ರಿಸಿದ ಕಾಗದವನ್ನು ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯ ಮೇಲೆ ಅಂಟಿಸಿ, 60 ಮಿ.ಮೀ. ತ್ರಿಜ್ಯದೊಳಗೆ ಚಿತ್ರ ತೆಗೆಯುತ್ತೇನೆ. ಕೋನೀಯ ವೇಗ ಸೆಕೆಂಡಿಗೆ 3.49 ರೇಡಿಯನ್, ಹಾಗಾಗಿ ನಡುವಿನಿಂದ ಅಂಚಿನವರೆಗೆ ಎಲ್ಲೆಡೆ ವೋರ್ಟಿಸಿಟಿ 6.98 ಬರಬೇಕು.

ಹಲವು ಸಲ ಬರುವುದು ಸೊನ್ನೆ! ಅದಕ್ಕೆ ಎರಡು ಕಾರಣ ಇರಬಹುದು. ವೋರ್ಟಿಸಿಟಿ ಎಂದರೆ ಲಂಬ ವೇಗ ಅಡ್ಡಕ್ಕೆ ಬದಲಾಗುವ ದರದಿಂದ ಅಡ್ಡ ವೇಗ ಲಂಬಕ್ಕೆ ಬದಲಾಗುವ ದರವನ್ನು ಕಳೆದದ್ದು. ಈ ಎರಡನ್ನೂ ಬೇರೆ ಬೇರೆ ಮುದ್ರಿಸಿ ನೋಡಿ. ಎರಡೂ 3.49 ಇದ್ದು ಒಂದನ್ನೊಂದು ಹೊಡೆದುಹಾಕಿದ್ದರೆ ಚಿಹ್ನೆಯ ತಪ್ಪು: ಚಿತ್ರದ ಸಾಲುಗಳು ಮೇಲಿನಿಂದ ಕೆಳಗೆ ಎಣಿಸಲ್ಪಡುತ್ತವೆ, ಲಂಬ ವೇಗದ ಚಿಹ್ನೆ ಮಾತ್ರ ತಿರುಗಿಸಿ ಲಂಬ ಅಕ್ಷವನ್ನು ಹಾಗೇ ಬಿಟ್ಟಿದ್ದೀರಿ. ಎರಡೂ ತಾವೇ ಸೊನ್ನೆಯಾಗಿದ್ದರೆ ಅಕ್ಷ ಅದಲುಬದಲು: ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈಯ ಗ್ರೇಡಿಯೆಂಟ್ ಮೊದಲು ಕೊಡುವುದು ಸಾಲಿನ ದಿಕ್ಕಿನದ್ದು, ಅಂದರೆ ಲಂಬದ್ದು. ಬೆಲೆ ಸರಿಯಿದ್ದು ಚಿಹ್ನೆ ಮಾತ್ರ ತಿರುಗಿದ್ದರೆ ವೇಗ, ಅಕ್ಷ ಎರಡನ್ನೂ ತಿರುಗಿಸದೆ ಬಿಟ್ಟಿರುತ್ತೀರಿ; ಅಪ್ರದಕ್ಷಿಣ ತಿರುವು ಧನ ಎಂದು ಹಿಡಿದು ಸರಿಮಾಡಿ.

ಇನ್ನು ಗದ್ದಲ, ಅಂದರೆ ಅಳತೆಯಲ್ಲಿ ಅಡ್ಡಾದಿಡ್ಡಿ ಸೇರಿಕೊಳ್ಳುವ ತಪ್ಪು. ಜರುಗುವಿಕೆಯಲ್ಲಿ 0.1 ಪಿಕ್ಸೆಲ್ ಅನಿಶ್ಚಿತತೆ ಇದ್ದರೆ ವೇಗದಲ್ಲಿ ಅದು ಸೆಕೆಂಡಿಗೆ 3.1 ಮಿ.ಮೀ. ಅಕ್ಕಪಕ್ಕದ ಬಾಣಗಳ ತಪ್ಪು ಸ್ವತಂತ್ರ ಎಂದುಕೊಂಡರೆ, ಬಿಂದುವಿನ ಎರಡು ಬದಿಯ ಬಾಣಗಳ ವ್ಯತ್ಯಾಸದಿಂದ ಲೆಕ್ಕ ಹಾಕಿದ ವೋರ್ಟಿಸಿಟಿಯಲ್ಲೂ 3.1ರಷ್ಟು ಗದ್ದಲ. 6.98ರ ಪಕ್ಕದಲ್ಲಿ ಅದು ಬಹಳವೇ ಆಯಿತು. ಆದ್ದರಿಂದ ನಾನು ಬಿಂದುವಿನ ಸುತ್ತಲಿನ ಎಂಟು ಬಾಣಗಳ ಚೌಕದ ಮೇಲೆ ಪರಿಚಲನೆ (ಅಂಚಿನುದ್ದಕ್ಕೂ ಇರುವ ವೇಗ ಗುಣಿಸು ಉದ್ದ) ಕೂಡಿಸಿ, ಚೌಕದ ವಿಸ್ತೀರ್ಣದಿಂದ ಭಾಗಿಸುತ್ತೇನೆ. ಅಂಚಿನ ಪರಿಚಲನೆ ಒಳಗಿನ ವೋರ್ಟಿಸಿಟಿಯ ಒಟ್ಟು ಮೊತ್ತಕ್ಕೆ ಸಮ ಎನ್ನುವ ಸ್ಟೋಕ್ಸ್ ಪ್ರಮೇಯದ ನೇರ ಬಳಕೆ ಇದು. ಗದ್ದಲ 1.9ಕ್ಕೆ ಇಳಿಯುತ್ತದೆ. ಹರಿವು ಸ್ಥಿರವಾಗಿದ್ದರೆ 100 ಜೋಡಿಗಳ ಸರಾಸರಿ ತೆಗೆದಾಗ ಅದರ ಹತ್ತನೇ ಒಂದು ಭಾಗ ಉಳಿಯುತ್ತದೆ.

ಗದ್ದಲಕ್ಕೆ ಹೆದರಿ ಬಾಣಗಳ ಅಂತರ ಹೆಚ್ಚಿಸಿದರೆ ತುದಿಬೆಲೆಯೇ, ಅಂದರೆ ಸುಳಿಯ ನಡುವಿನ ಗರಿಷ್ಠ ಬೆಲೆಯೇ, ಕರಗಿಹೋಗುತ್ತದೆ. ವೋರ್ಟಿಸಿಟಿ ಗಾಸಿಯನ್ (ಗಂಟೆಯ) ಆಕಾರದಲ್ಲಿ ಹರಡಿದ ಲ್ಯಾಂಬ್–ಓಸೀನ್ ಸುಳಿಯ ನಡುವಿನಲ್ಲಿ ಎರಡು ಬದಿಯ ವ್ಯತ್ಯಾಸ ತೆಗೆದರೆ, ಬಾಣಗಳ ಅಂತರ ತಿರುಳಿನ ತ್ರಿಜ್ಯದಷ್ಟೇ ಇದ್ದಾಗ ನಿಜಬೆಲೆಯ 63% ಮಾತ್ರ ಸಿಗುತ್ತದೆ. ಅರ್ಧದಷ್ಟಿದ್ದರೆ 88%, ಕಾಲುಭಾಗವಾದರೆ 97%. ಕಿಟಕಿಯೊಳಗಿನ ಸರಾಸರಿಯಿಂದ ಆಗುವ ನಷ್ಟ ಇದಕ್ಕೆ ಹೊರತು. ಹಾಗಾಗಿ ತಿರುಳಿನ ತ್ರಿಜ್ಯಕ್ಕೆ ನಾಲ್ಕು ಅಂತರವಾದರೂ ಸಿಗುವಷ್ಟು ಕ್ಯಾಮೆರಾ ಹತ್ತಿರ ತರುತ್ತೇನೆ, ಮತ್ತು ತುದಿಬೆಲೆ ಬರೆಯುವಾಗ ಪಕ್ಕದಲ್ಲೇ ಅಂತರವನ್ನೂ ಬರೆಯುತ್ತೇನೆ. ಅಂತರ ಹೇಳದ ತುದಿಬೆಲೆಯನ್ನು ಬೇರೊಬ್ಬರ ಅಳತೆಯೊಂದಿಗೆ ಹೋಲಿಸಲು ಆಗುವುದಿಲ್ಲ. ಪರಿಚಲನೆ ಇಷ್ಟು ಸೂಕ್ಷ್ಮವಲ್ಲ. ತಿರುಳಿನಾಚೆ ದೊಡ್ಡ ವೃತ್ತ ಹಾಕಿ ಅಳೆದರೆ ಒರಟು ಜಾಲದಲ್ಲೂ ನಂಬುವಂಥ ಬೆಲೆ ಬರುತ್ತದೆ.

ಗೋಡೆಯಿರುವ ಹರಿವಿನಲ್ಲಿ ವೋರ್ಟಿಸಿಟಿಯ ಬಣ್ಣದ ನಕ್ಷೆ ಗೋಡೆಯಂಚಿನಲ್ಲೇ ಅತಿ ಗಾಢವಾಗುತ್ತದೆ. ಅದು ಸುಳಿಯಲ್ಲ, ಬರಿಯ ಶಿಯರ್, ಅಂದರೆ ಅಕ್ಕಪಕ್ಕದ ಪದರಗಳು ಬೇರೆ ಬೇರೆ ವೇಗದಲ್ಲಿ ಜಾರುವುದು. ಸುಳಿ ಹುಡುಕುವುದೇ ಕೆಲಸವಾದರೆ ತಿರುವು ಶಿಯರನ್ನು ಮೀರಿದ ಜಾಗವನ್ನಷ್ಟೇ ಎತ್ತಿ ತೋರಿಸುವ, 1988ರ ಕ್ಯೂ ಮಾನದಂಡವನ್ನು ಅದರ ಜೊತೆಗೆ ಹಾಕಿ ನೋಡುತ್ತೇನೆ. ಗೋಡೆಗೆ ಅಂಟಿದ ಮೊದಲ ಸಾಲಿನ ಬಾಣಗಳನ್ನು ಲೆಕ್ಕದಿಂದ ಬಿಡುತ್ತೇನೆ, ಅಲ್ಲಿ ಕಿಟಕಿಯ ಅರ್ಧಭಾಗ ಗೋಡೆಯೊಳಗೇ ಇರುತ್ತದೆ.