ಗೀಸರಿನ ಸೇಫ್ಟಿ ವಾಲ್ವ್ ಸೋರುತ್ತಿದ್ದರೆ ಏನು ಮಾಡಬೇಕು?

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಳೆಯ ಮನೆಗಳಲ್ಲಿ ತೆಂಗಿನ ಮಡಲು, ಅಡಕೆ ಸಿಪ್ಪೆ ಉರಿಸಿ ನೀರು ಕಾಯಿಸುವ ಹಂಡೆಯ ಬಾಯಿ ತೆರೆದೇ ಇರುವುದರಿಂದ, ಬಿಸಿಯಾದ ನೀರು ಹಿಗ್ಗುವುದು ಯಾರ ಗಮನಕ್ಕೂ ಬರುವುದಿಲ್ಲ. ಗೀಸರಿನ ಟ್ಯಾಂಕಿ ಹಾಗಲ್ಲ, ಅದು ಮುಚ್ಚಿದ ಪಾತ್ರೆ. 25 ಡಿಗ್ರಿಯ 15 ಲೀಟರ್ ನೀರು 60 ಡಿಗ್ರಿಗೆ ಏರುವಷ್ಟರಲ್ಲಿ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ತಣ್ಣೀರು ಒಳಬರುವಲ್ಲಿ ಕೂರಿಸಿರುವ ಸೇಫ್ಟಿ ವಾಲ್ವ್ ಅದನ್ನು ಹಿಂದಕ್ಕೆ ಹೋಗಗೊಡುವುದಿಲ್ಲವಾದ್ದರಿಂದ, ಹೆಚ್ಚಾದ ನೀರು ಅದೇ ವಾಲ್ವಿನ ಪಕ್ಕದ ಸಣ್ಣ ಬಾಯಿಯಿಂದ ಹನಿಹನಿಯಾಗಿ ಹೊರಬೀಳುತ್ತದೆ. ಸ್ವಿಚ್ ಹಾಕಿದಾಗ ಮಾತ್ರ ಬಿದ್ದು, ಆಮೇಲೆ ನಿಲ್ಲುವ ಹನಿ ದೋಷವಲ್ಲ.

ಆದ್ದರಿಂದ ಸ್ಪ್ಯಾನರ್ ಹುಡುಕುವ ಮೊದಲು, ನೀರು ಯಾವಾಗ ಸೋರುತ್ತದೆ ಎಂಬುದನ್ನು ಗಮನಿಸಬೇಕು. ರಾತ್ರಿ ಸ್ವಿಚ್ ಆರಿಸಿ, ವಾಲ್ವಿನ ಕೆಳಗೆ ಒಂದು ಲೋಟ ಇಟ್ಟು ಬೆಳಗ್ಗೆ ನೋಡಿ. ತಣ್ಣಗಿರುವಾಗಲೂ ಲೋಟ ತುಂಬಿದ್ದರೆ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ ಎಂದರ್ಥ. ಇಂತಹ ಸೋರಿಕೆಗೆ ಮೇಲಿನ ಟ್ಯಾಂಕಿಯ ಒತ್ತಡವೇ ಕಾರಣವೆಂದು ಹೇಳುವವರಿದ್ದಾರೆ. ಆದರೆ 10 ಮೀಟರ್ ಎತ್ತರದ ನೀರಿನ ಒತ್ತಡ ಸುಮಾರು 1 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಮಾತ್ರ. ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯುತ್ತದೆ ಎಂದು ಸಾಮಾನ್ಯವಾಗಿ ಅದರ ಮೈಮೇಲೆ ಕೆತ್ತಿರುವ ಅಂಕಿ 8 ಬಾರ್. ಒಂದು ಮಹಡಿ ಮನೆಯ ಟ್ಯಾಂಕಿಯಿಂದ ಆ ಒತ್ತಡ ಬರುವುದು ಸಾಧ್ಯವೇ ಇಲ್ಲ. ಹನಿಯ ಬದಲು ಕುದಿನೀರು ಅಥವಾ ಹಬೆ ಚಿಮ್ಮುತ್ತಿದ್ದರೆ ಮಾತ್ರ ಸಂಗತಿ ಬೇರೆ: ಆಗ ಕೆಟ್ಟಿರುವುದು ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್, ವಾಲ್ವ್ ತನ್ನ ಕೆಲಸ ಮಾಡುತ್ತಿದೆ. ಗೀಸರನ್ನು ಮುಟ್ಟದೆ ಎಂಸಿಬಿ (ಮನೆಯ ವಿದ್ಯುತ್ ಬೋರ್ಡಿನ ಸುರಕ್ಷತಾ ಸ್ವಿಚ್) ಆರಿಸಿ, ಪೂರ್ತಿ ತಣಿದ ಮೇಲೆ ಮೆಕ್ಯಾನಿಕ್ಕನ್ನು ಕರೆಸಬೇಕು.

ಸೋರುವ ಬಾಯಿಗೆ ಮರದ ಬೆಣೆ ಹೊಡೆಯುವುದು, ಕ್ಯಾಪ್ ಹಾಕುವುದು, ಎಂಸೀಲ್ ಮೆತ್ತುವುದು ನಮ್ಮಲ್ಲಿ ಅಪರೂಪವೇನಲ್ಲ. ಬಾಯಿ ಮುಚ್ಚಿದ ಮೇಲೆ ಥರ್ಮೋಸ್ಟಾಟ್ ಮತ್ತು ಬಿಸಿ ಮಿತಿಮೀರಿದರೆ ಕರೆಂಟು ಕಡಿಯುವ ಕಟೌಟ್ ಎರಡೂ ಕೈಕೊಟ್ಟರೆ ಟ್ಯಾಂಕಿ ಸಿಡಿಯಬಹುದು. ಗೋಡೆ ಒದ್ದೆಯಾಗುವುದನ್ನು ಸಹಿಸಿಕೊಳ್ಳಬಹುದು, ಇದನ್ನು ಸಹಿಸಲಾಗದು.

ಬಹಳಷ್ಟು ಸಲ ದೋಷ ಇರುವುದು ಕಸದಲ್ಲಿ. ಕೊಳವೆಬಾವಿ ನೀರಿನಲ್ಲಿ ಕಬ್ಬಿಣದ ಅಂಶವಿರುವ ಮನೆಗಳಲ್ಲಿ ವಾಲ್ವಿನ ಬಾಯಿಯ ಸುತ್ತ ಕೆಂಪು ಬಳೆಯಂತಹ ಕಲೆ ಕಟ್ಟಿರುತ್ತದೆ. ಅದೇ ಹುಡಿ ಒಳಗಿನ ರಬ್ಬರಿನ ಮೇಲೆ ಕೂತಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಟ್ಯಾಂಕಿಯ ನೀರು ತಣಿದ ಮೇಲೆ ವಾಲ್ವಿನ ಸಣ್ಣ ಹಿಡಿಯನ್ನು ಮೇಲೆತ್ತಿ ಕೆಲವು ಕ್ಷಣ ನೀರು ಹರಿಯಬಿಡಿ, ಬಳಿಕ ಥಟ್ಟನೆ ಬಿಟ್ಟುಬಿಡಿ. ಮೊದಲು ಬರುವ ಕೆಂಚು ನೀರು ತಿಳಿಯಾಗುವವರೆಗೆ ಇದನ್ನೇ ನಾಲ್ಕೈದು ಸಲ ಮಾಡಿದರೆ ಎಷ್ಟೋ ವಾಲ್ವುಗಳು ಸರಿಹೋಗುತ್ತವೆ. ಹಿಡಿ ಬಿಗಿದುಕೊಂಡು ಅಲುಗದಿದ್ದರೆ ಅಥವಾ ಇಷ್ಟಾದರೂ ಸೋರಿಕೆ ನಿಲ್ಲದಿದ್ದರೆ ವಾಲ್ವನ್ನು ಬದಲಿಸಬೇಕು. ಸ್ಪ್ರಿಂಗನ್ನು ಬಿಚ್ಚಿ ಬಿಗಿಗೊಳಿಸುವ ಪ್ರಯತ್ನ ಬೇಡ.

ಬದಲಿಸಲು ತಣ್ಣೀರಿನ ಗೇಟ್ ವಾಲ್ವ್ ಮುಚ್ಚಿ, ಗಾಳಿ ಒಳಹೋಗಲೆಂದು ಬಿಸಿನೀರಿನ ನಲ್ಲಿ ತೆರೆದಿಟ್ಟು, ಹಿಡಿ ಎತ್ತಿ ಟ್ಯಾಂಕಿಯನ್ನು ಬರಿದು ಮಾಡಿ. ವಾಲ್ವ್ ತಿರುಗಿಸುವಾಗ ಟ್ಯಾಂಕಿಯಿಂದ ಹೊರಚಾಚಿದ ಕೊಳವೆಯನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಬಲವಾಗಿ ಹಿಡಿದಿರಬೇಕು, ಇಲ್ಲವಾದರೆ ಕೊಳವೆಯೇ ತಿರುಚಿ ಬೆಸುಗೆಯ ಜಾಗದಲ್ಲಿ ಬಿರುಕು ಬೀಳಬಹುದು. ಹಳೆಯದನ್ನು ಅಂಗಡಿಗೆ ಒಯ್ದು, ಅದರ ಮೇಲಿರುವ ಬಾರ್ ಅಂಕಿಗೂ ಮರೆಯ (ತಿರುಪಿನ ಸುತ್ತುಗಳ) ಅಳತೆಗೂ ಹೊಂದುವುದನ್ನೇ ತನ್ನಿ. ಹೆಚ್ಚು ಬಾರಿನದು ಗಟ್ಟಿಯೆಂಬ ಲೆಕ್ಕ ಇಲ್ಲಿ ಸಲ್ಲದು. ಮರೆಗೆ ಟೆಫ್ಲಾನ್ ಟೇಪ್ ಸುತ್ತಿ, ವಾಲ್ವಿನ ಮೈಮೇಲಿನ ಬಾಣ ಟ್ಯಾಂಕಿಯತ್ತ ಮುಖಮಾಡುವಂತೆ ಕೂರಿಸಿ. ಹನಿ ಬೀಳುವ ಬಾಯಿಗೆ ಕೊಳವೆ ಜೋಡಿಸುವುದಾದರೆ ಅದು ಇಳಿಜಾರಾಗಿ ಬಚ್ಚಲ ಮೋರಿಯವರೆಗೆ ಹೋಗಲಿ, ತುದಿ ತೆರೆದೇ ಇರಲಿ, ನಡುವೆ ಎಲ್ಲೂ ನಲ್ಲಿ ಬೇಡ. ವಾಲ್ವಿಗೂ ಟ್ಯಾಂಕಿಗೂ ನಡುವೆಯಂತೂ ಯಾವ ನಲ್ಲಿಯನ್ನೂ ಹಾಕಕೂಡದು.

ಇನ್ನು ತಣ್ಣೀರು ತೆರೆದು, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯ ಉಗುಳಾಟ ನಿಂತು ನೀರು ಒಂದೇ ಧಾರೆಯಾಗುವವರೆಗೆ ಕಾಯಬೇಕು, ಏಕೆಂದರೆ ಟ್ಯಾಂಕಿ ತುಂಬುವ ಮೊದಲೇ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಜೋಡಣೆಗೆ ಹಳೆಯ ಪೇಪರಿನ ತುಂಡು ಒತ್ತಿ ಒದ್ದೆಯಾಗುತ್ತದೆಯೇ ಎಂದು ನೋಡಿ, ಬಳಿಕವೇ ಪ್ಲಗ್ ಹಾಕಿ. ಮೊದಲ ಸಲ ಕಾಯುವಾಗ ಕೆಲವು ಹನಿ ಬಿದ್ದು ನಿಂತರೆ ಕೆಲಸ ಸರಿಯಾಗಿದೆ.

ಗಲ್ಫಿನಲ್ಲಿರುವವರ ಮನೆಗಳಲ್ಲಿ ಗೀಸರ್ ತಿಂಗಳುಗಟ್ಟಲೆ ಸುಮ್ಮನಿರುವುದರಿಂದ ವಾಲ್ವ್ ಕಚ್ಚಿಕೊಳ್ಳುವುದು ಹೆಚ್ಚು. ಅಂಥವರು ರಜೆಗೆ ಬಂದ ದಿನ ಸ್ವಿಚ್ ಹಾಕುವುದಕ್ಕೆ ಮುಂಚೆ ಹಿಡಿಯನ್ನೊಮ್ಮೆ ಎತ್ತಿ ನೀರು ಹರಿಯುತ್ತದೆಯೇ ಎಂದು ನೋಡಬೇಕು.